ಮಲ್ನಾಡಲ್ಲಿ ಕೂತು ಕಡಿಮೆ ದುಡ್ಡಲ್ಲಿ 4 ಅಡಿ ಉಪ್ಪುನೀರಿನ ರೀಫ್ ಟ್ಯಾಂಕ್: ಗಾಜಿಂದ ಹಿಡಿದು ಮೊದಲ ಮೀನಿನ ತನಕ

ಶಿವಮೊಗ್ಗದಲ್ಲಿ ರೀಫ್ ಟ್ಯಾಂಕ್, ಅಂದ್ರೆ ಹವಳ ಮತ್ತೆ ಸಮುದ್ರದ ಮೀನು ಸಾಕೋ ಉಪ್ಪುನೀರಿನ ಟ್ಯಾಂಕ್ ಇಡ್ತೀನಿ ಅಂದ್ರೆ ಮೀನಿನ ಅಂಗಡಿಯವ್ರೇ ಒಂಥರಾ ನೋಡ್ತಾರೆ, ಸಮುದ್ರ ಇರೋದು ಘಟ್ಟದ ಕೆಳಗೆ ನೀವಿಲ್ಲಿ ಎಂತ ಮಾಡ್ತೀರಿ ಮಾರಾಯ್ರೆ ಅಂತ. ಆದ್ರೆ ಖರ್ಚಿನ ಲೆಕ್ಕ ತೆಗೆದ್ರೆ ನಮ್ಮ ಕಡೆ ಅಷ್ಟೇನೂ ಕೆಟ್ಟ ಜಾಗ ಅಲ್ಲ. ಚೆನ್ನೈಲಿ ಮಂಗಳೂರಲ್ಲಿ ಇರೋರಿಗೆ ಚಿಲ್ಲರ್ (ನೀರು ತಣ್ಣಗೆ ಮಾಡೋ ಮೆಷಿನ್) ಇಲ್ದೆ ಬೇಸಿಗೆ ಕಳೆಯೋದು ಕಷ್ಟ, ತೀರ್ಥಹಳ್ಳಿ ಹೊಸನಗರ ಸಾಗರದ ಕಡೆ ಒಂದೆರಡು ಫ್ಯಾನಲ್ಲಿ ಮುಗಿಯತ್ತೆ. ನೀರೂ ಮೆದು, ತುಂಗಾ ಪಾನ ಅಂತ ಸುಮ್ನೆ ಹೇಳಿಲ್ಲ. ನಮಗೆ ಕಾಟ ಇರೋದು ಬೇರೆ ಕಡೆಯಿಂದ: ಮಳೆಗಾಲದ ಕರೆಂಟು, ತೇವ, ಮತ್ತೆ ಅಡಿಕೆ ತೋಟಕ್ಕೆ ಹೊಡೆಯೋ ತಾಮ್ರದ ಮೈಲುತುತ್ತ. ಇವುಗಳ ಬಗ್ಗೆ ಹೊರಗಿನ ಯಾವ ಗೈಡಲ್ಲೂ ಸರಿಯಾಗಿ ಸಿಗಲ್ಲ, ಅದಕ್ಕೆ ಬರೀತಿದೀನಿ.

ದುಡ್ಡಿನ ಬಗ್ಗೆ ನನ್ನ ಪಾಲಿಸಿ ಇಷ್ಟೇ. ಒಡೆದ್ರೆ ಮನೆ ತುಂಬಾ ನೀರಾಗೋದು, ಕೆಟ್ರೆ ಒಂದು ರಾತ್ರೀಲಿ ಎಲ್ಲಾ ಸಾಯೋದು, ಇಂಥದ್ರಲ್ಲಿ ಚೌಕಾಸಿ ಬೇಡ. ಅಂದ್ರೆ ಗಾಜು, ನೀರು, ಬ್ಯಾಕಪ್ಪು. ಉಳಿದಿದ್ದು ಕಲ್ಲು, ಸ್ಟ್ಯಾಂಡು, ಸಂಪು (ನೆಲದಡಿಯ ಸಂಪಲ್ಲ, ಟ್ಯಾಂಕಿನ ಕೆಳಗಿಡೋ ಫಿಲ್ಟರ್ ತೊಟ್ಟಿ), ಲೈಟು, ಇದೆಲ್ಲ ಸೆಕೆಂಡ್ ಹ್ಯಾಂಡು ಅಥವಾ ಕೈಯಲ್ಲೇ ಮಾಡಿದ್ದು ನಡೆಯತ್ತೆ.

ಮೊದ್ಲು ಕಾನೂನು, ಯಾಕಂದ್ರೆ ಪ್ಲಾನೇ ಅದರ ಮೇಲೆ ನಿಂತಿರತ್ತೆ

ರೀಫ್ ಅಂದ್ರೆ ಗಟ್ಟಿ ಹವಳ ಅಂತ ಫೋಟೋ ನೋಡ್ಕೊಂಡು ಆಸೆ ಪಡಬೇಡಿ. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಷೆಡ್ಯೂಲ್ ಒಂದಕ್ಕೆ 2001ರಲ್ಲಿ ಗಟ್ಟಿ ಹವಳಗಳನ್ನ ಸೇರಿಸಿದಾರೆ, ಸೀ ಫ್ಯಾನು, ಕಪ್ಪು ಹವಳ, ಸಮುದ್ರಕುದುರೆ ಇವೂ ಬಂದ್ವು, ಹುಲಿ ಆನೆ ಇರೋ ಪಟ್ಟಿ ಅದು. ಮುರುಡೇಶ್ವರದ ಹತ್ರ ನೇತ್ರಾಣಿಗೆ ಡೈವಿಂಗ್ ಹೋದಾಗ ಒಂದು ಚೂರು ಮುರ್ಕೊಂಡು ಬರೋಣ ಅನ್ನೋ ಬುದ್ಧಿ ಬೇಡವೇ ಬೇಡ. ಸಮುದ್ರದಿಂದ ತೆಗೆದ ಲೈವ್ ರಾಕ್ ಕೂಡ ಹಳೇ ಹವಳದ ಕಲ್ಲೇ, ಅದನ್ನೂ ಬಿಟ್ಟುಬಿಡಿ. ವಿದೇಶದ ಜೀವಿಗಳಲ್ಲಿ ಸೈಟಿಸ್ (ಅಳಿವಿನಂಚಿನ ಜೀವಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲಿ ಇರೋದನ್ನ ಸಾಕಿದ್ರೆ 2022ರ ತಿದ್ದುಪಡಿ ಪ್ರಕಾರ ನೋಂದಣಿ ಮಾಡಿಸ್ಬೇಕು, ಮಾರೋರ ಹತ್ರ ಬಿಲ್ಲು ಕಾಗದ ಕೇಳಿ ಇಟ್ಕೊಳಿ.

ಹಂಗಾದ್ರೆ ಏನು ಉಳೀತು? ಮೆದು ಹವಳಗಳು. ಮಶ್ರೂಮು, ಜೋವಾಂತಿಡ್, ಲೆದರ್ ಕೋರಲ್, ಕೀನ್ಯಾ ಟ್ರೀ, ಕ್ಸೀನಿಯಾ. ಹವ್ಯಾಸದವರ ಟ್ಯಾಂಕಲ್ಲೇ ಬೆಳೆದು ತುಂಡು ಮಾಡಿದ್ದು ಸಿಗತ್ತೆ. ಬಡ್ಜೆಟ್ ದೃಷ್ಟಿಯಿಂದ ಇದು ಒಳ್ಳೇದೇ ಆಯ್ತು ನೋಡಿ, ಇವಕ್ಕೆ ಭಾರೀ ಲೈಟ್ ಬೇಡ, ಕ್ಯಾಲ್ಸಿಯಂ ಹಾಕೋ ಡೋಸಿಂಗ್ ಪಂಪ್ ಬೇಡ, ನೀರಲ್ಲಿ ಒಂಚೂರು ನೈಟ್ರೇಟ್ ಇದ್ರೂ ತಲೆ ಕೆಡಿಸ್ಕೊಳಲ್ಲ. ಗಟ್ಟಿ ಹವಳಕ್ಕೆ ಬೇಕಾಗೋ ಅರ್ಧ ಸಾಮಾನು ಇಲ್ಲೇ ಉಳೀತು.

ಟ್ಯಾಂಕು ಮತ್ತೆ ಅದನ್ನ ಇಡೋ ಜಾಗ

ನಾನು ಹೇಳೋ ಅಳತೆ 4 ಅಡಿ ಉದ್ದ, 2 ಅಡಿ ಅಗಲ, ಒಂದೂವರೆ ಅಡಿ ಎತ್ತರ. ಭರ್ತಿ ಲೆಕ್ಕ 340 ಲೀಟರ್. ಎತ್ತರ 2 ಅಡಿ ಮಾಡಿಸಿದ್ರೆ ನೋಡೋಕೆ ಜೋರಾಗಿರತ್ತೆ ನಿಜ, ಆದ್ರೆ ಗಾಜಿನ ದಪ್ಪ ಏರತ್ತೆ, ಲೈಟಿನ ಪವರ್ ಜಾಸ್ತಿ ಬೇಕಾಗತ್ತೆ, ಕೈ ತಳಕ್ಕೆ ಮುಟ್ಟಲ್ಲ. ಒಂದೂವರೆ ಅಡಿ ಎತ್ತರಕ್ಕೆ 10 ಮಿ.ಮೀ. ಗಾಜು, ಮೇಲ್ಗಡೆ ಸುತ್ತಲೂ ಗಾಜಿನ ಪಟ್ಟಿ ಕೂರಿಸಿದ್ದು ಸಾಕು, ಧೈರ್ಯ ಸಾಲದಿದ್ರೆ 12. ಸಂಪಿಗೆ ನೀರು ಇಳಿಯೋ ತೂತನ್ನ ಗಾಜು ಅಂಟಿಸೋಕೆ ಮುಂಚೇನೇ ಹೊಡೆಸಿ, ಟಫನ್ಡ್ ಗಾಜಿಗೆ ಆಮೇಲೆ ತೂತು ಹೊಡೆಯೋಕೆ ಹೋದ್ರೆ ಪುಡಿಪುಡಿ ಆಗತ್ತೆ. ಒಂದಲ್ಲ ಎರಡು ತೂತು, ಒಂದು ಕಟ್ಟಿಕೊಂಡ್ರೆ ಇನ್ನೊಂದು ಎಮರ್ಜೆನ್ಸಿಗೆ. ಹಿಂದೆ ನೇತು ಹಾಕೋ ಸೈಫನ್ ಡಬ್ಬ ಕಡಿಮೆಗೆ ಸಿಗತ್ತೆ ಅಂತ ತಗೋಬೇಡಿ, ಕರೆಂಟು ಹೋಗಿ ಬಂದಾಗ ಸೈಫನ್ ಗಾಳಿ ಹಿಡಿದ್ರೆ ಕೆಳಗಿನ ಪಂಪು ನೀರನ್ನ ಮೇಲಕ್ಕೆ ತಳ್ತಾನೇ ಇರತ್ತೆ, ಹಾಲೆಲ್ಲ ಕೆರೆ.

ಬೆಂಗಳೂರು ಮಂಗಳೂರಲ್ಲಿ ಹವ್ಯಾಸ ಬಿಡೋರು ಇಡೀ ಸೆಟ್ಟಪ್ ಮಾರ್ತಾರೆ, ಅದು ಸಿಕ್ಕಿದ್ರೆ ಭಾರೀ ಲಾಭ. ಎರಡು ವಿಷಯ ಕೇಳಿ: ಸಿಲಿಕಾನ್ ಎಷ್ಟು ಹಳೇದು, ಆ ಟ್ಯಾಂಕಿಗೆ ಯಾವತ್ತಾದ್ರೂ ತಾಮ್ರದ ಔಷಧಿ ಹಾಕಿದ್ರಾ. ಹೌದು ಅಂದ್ರೆ ರೀಫಿಗೆ ಬೇಡ. ಮನೆಗೆ ತಂದ್ಮೇಲೆ ಅಂಗಳದಲ್ಲಿ ಸಮ ನೆಲದ ಮೇಲೆ ಥರ್ಮೋಕೋಲ್ ಹಾಕಿ, ನೀರು ತುಂಬಿ ಮೂರು ದಿನ ಬಿಡಿ, ಕೆಳಗೆ ಪೇಪರ್ ಹಾಸಿದ್ರೆ ಒಂದು ಹನಿ ಸೋರಿದ್ರೂ ಗೊತ್ತಾಗತ್ತೆ.

ತೂಕ ನೀರು ಗಾಜು ಕಲ್ಲು ಸೇರಿ 450 ಕಿಲೋ ಹತ್ರ. ನಮ್ಮ ಹಳೇ ಹೆಂಚಿನ ಮನೆಗಳಲ್ಲಿ ಅಟ್ಟದ ಮೇಲೆ, ಮರದ ಹಲಗೆ ನೆಲದ ಮೇಲೆ ಇಡೋ ಮಾತೇ ಇಲ್ಲ, ನೆಲಮಹಡಿ, ಗಟ್ಟಿ ಕಾಂಕ್ರೀಟ್ ನೆಲ, ಬಿಸಿಲು ನೇರ ಬೀಳದ ಗೋಡೆ. ಸ್ಟ್ಯಾಂಡಿಗೆ ಕಬ್ಬಿಣ ಅಂತ ಎಲ್ರೂ ವೆಲ್ಡಿಂಗ್ ಶಾಪಿಗೆ ಓಡ್ತಾರೆ, ಉಪ್ಪುನೀರು ಪ್ಲಸ್ ಜುಲೈ ತಿಂಗಳ ತೇವ ಸೇರಿದ್ರೆ ಎಷ್ಟು ಪೇಂಟ್ ಹೊಡೆದ್ರೂ ತುಕ್ಕು ಬಂದೇ ಬರತ್ತೆ. ನಾನಂತೂ ಸಾಲಿಡ್ ಸಿಮೆಂಟ್ ಬ್ಲಾಕಿನ ಮೂರು ಕಂಬ ಕಟ್ಟಿ ಮೇಲೆ ಕಡಪ ಕಲ್ಲೋ ಗ್ರಾನೈಟ್ ಸ್ಲ್ಯಾಬೋ ಹಾಕಿ ಅಂತೀನಿ. ಗಾರೆಯವರಿಗೆ ಅರ್ಧ ದಿನದ ಕೆಲಸ, ಲೆವೆಲ್ ಟ್ಯೂಬ್ ಹಿಡಿದು ನಾಲ್ಕು ಮೂಲೆ ನೋಡಿಸಿ, ಸ್ಲ್ಯಾಬು ಮತ್ತೆ ಟ್ಯಾಂಕಿನ ನಡುವೆ ಥರ್ಮೋಕೋಲ್ ಹಾಳೆ.

ಸಂಪು, ಪಂಪು

ಸ್ಟ್ಯಾಂಡ್ ಕೆಳಗೆ ಹಳೇ 3 ಅಡಿ ಸಿಹಿನೀರಿನ ಟ್ಯಾಂಕ್ ಇಡಿ, ಒಳಗೆ 5 ಮಿ.ಮೀ. ಗಾಜಿನ ತಡೆಗಳನ್ನ ಸಿಲಿಕಾನಲ್ಲಿ ಅಂಟಿಸಿ ಮೂರು ಖಾನೆ ಮಾಡಿ. ಮೊದಲ್ನೇದ್ರಲ್ಲಿ ನೀರು ಇಳಿಯತ್ತೆ, ನಡುವಿನದ್ರಲ್ಲಿ ಕೀಟೋ ಅನ್ನೋ ಪಾಚಿ ಬೆಳೆಸ್ಬೇಕು, ಕೊನೇದ್ರಲ್ಲಿ ಮೇಲಕ್ಕೆ ತಳ್ಳೋ ಪಂಪು. ಆ ಪಾಚಿಗೆ ಒಂದು ಸಾಮಾನ್ಯ 10 ವ್ಯಾಟಿನ ಎಲ್‌ಇಡಿ ಬಲ್ಬನ್ನ ರಾತ್ರಿ ಹೊತ್ತು ಹಚ್ಚಿಟ್ರೆ ನೈಟ್ರೇಟು ಫಾಸ್ಫೇಟು ಎಳ್ಕೊಂಡು ಬೆಳೆಯತ್ತೆ, ತಿಂಗಳಿಗೊಮ್ಮೆ ಮುಷ್ಟಿ ಕಿತ್ತು ಎಸೆದ್ರಾಯ್ತು. ಮೆದು ಹವಳ, ಕಡಿಮೆ ಮೀನು ಅಂದ್ರೆ ಪ್ರೋಟೀನ್ ಸ್ಕಿಮ್ಮರ್ (ನೊರೆ ಎಬ್ಬಿಸಿ ನೀರಿನ ಕೊಳೆ ತೆಗೆಯೋ ಸಾಧನ) ಇಲ್ದೆ ಶುರು ಮಾಡ್ಬಹುದು, ಆಮೇಲೆ ಸೆಕೆಂಡ್ ಹ್ಯಾಂಡಲ್ಲಿ ಒಳ್ಳೇದು ಸಿಕ್ಕಿದ್ರೆ ತಗೊಳಿ. ಕೆಟ್ಟ ಹೊಸ ಸ್ಕಿಮ್ಮರಿಗಿಂತ ಪಾಚಿ ಲೇಸು.

ಪೈಪೆಲ್ಲ ಪಿವಿಸಿ, ಎಲ್ಲೂ ಹಿತ್ತಾಳೆ ವಾಲ್ವು ನಲ್ಲಿ ಬೇಡ. ಮೇಲಕ್ಕೆ ನೀರು ಬರೋ ಪೈಪಿಗೆ ನೀರಿನ ಮಟ್ಟದ ಸ್ವಲ್ಪ ಕೆಳಗೆ ಒಂದು ಸಣ್ಣ ತೂತು ಇರ್ಲಿ, ಪಂಪು ನಿಂತಾಗ ಗಾಳಿ ಎಳ್ಕೊಂಡು ನೀರು ವಾಪಸ್ ಇಳಿಯೋದನ್ನ ನಿಲ್ಸತ್ತೆ. ಇದನ್ನ ಸಿಹಿನೀರಲ್ಲೇ ಟೆಸ್ಟ್ ಮಾಡಿ: ಎಲ್ಲಾ ಓಡ್ತಿರುವಾಗ ಮೇನ್ ಸ್ವಿಚ್ ಆಫ್ ಮಾಡಿ. ಮೇಲಿನ ಟ್ಯಾಂಕಲ್ಲಿ 2 ಸೆಂ.ಮೀ. ಇಳಿದ್ರೂ 15 ಲೀಟರ್ ಕೆಳಗೆ ಬರತ್ತೆ, ಪೈಪಲ್ಲಿದ್ದದ್ದು ಬೇರೆ, ಅದಕ್ಕೆ ಸಂಪಲ್ಲಿ ಯಾವಾಗ್ಲೂ 30 ಲೀಟರಿನ ಜಾಗ ಖಾಲಿ ಇರ್ಬೇಕು. ಈ ಟೆಸ್ಟನ್ನ ಹತ್ತು ಸಲ ಮಾಡಿದ್ರೂ ತಪ್ಪಿಲ್ಲ, ಮಳೆಗಾಲದಲ್ಲಿ ಕರೆಂಟು ದಿನಕ್ಕೆ ಅಷ್ಟು ಸಲ ಟೆಸ್ಟ್ ಮಾಡತ್ತೆ.

ಒಳಗಿನ ಅಲೆಗೆ ಗಂಟೆಗೆ 4000 ಲೀಟರಿನ ಎರಡು ವೇವ್‌ಮೇಕರ್, ಎದುರುಬದುರು ಅಲ್ಲ, ಒಂಚೂರು ಓರೆಯಾಗಿ.

ನೀರು: ಇಲ್ಲಿ ಉಳಿಸೋಕೆ ಹೋಗಿ ಕಳ್ಕೊಳೋರೇ ಜಾಸ್ತಿ

ಸಮುದ್ರದ ನೀರು ಫ್ರೀ ಅಲ್ವಾ ಅಂತ ಎಲ್ರಿಗೂ ಅನ್ಸತ್ತೆ. ಕಲ್ಲು ಹಿಡಿಯೋ ಜಾಗ, ಮೇಲಿನ ಖಾಲಿ ಜಾಗ ಕಳೆದು ಸಂಪೂ ಸೇರಿ ನಮಗೆ ಬೇಕಾಗಿರೋದು 350 ಲೀಟರ್, ಅಂದ್ರೆ 20 ಲೀಟರಿನ ಹದಿನೆಂಟು ಕ್ಯಾನು, ಹೊನ್ನಾವರದಿಂದ ಗೇರುಸೊಪ್ಪೆ ಘಾಟಿ ಹತ್ತಿಸ್ಬೇಕು. ಡೀಸೆಲ್ ಲೆಕ್ಕ ಹಾಕಿ. ಅದರ ಮೇಲೆ ಹೊನ್ನಾವರದಲ್ಲಿ ಶರಾವತಿ ಸಮುದ್ರ ಸೇರೋದು, ಅಳಿವೆ ಹತ್ರದ ನೀರು ಅರ್ಧ ಸಿಹಿ. ಮಳೆಗಾಲದಲ್ಲಂತೂ ಇಡೀ ಕರಾವಳಿ ದಡದ ನೀರು ತೆಳು ಆಗಿರತ್ತೆ, ಕೆಸರೂ ಇರತ್ತೆ. ತರ್ಲೇಬೇಕು ಅಂದ್ರೆ ಡಿಸೆಂಬರಿಂದ ಏಪ್ರಿಲ್ ಒಳಗೆ, ನದಿಬಾಯಿಂದ ದೂರ, ದೋಣಿಯಲ್ಲಿ ಒಳಗೆ ಹೋಗಿ, ಭರತದ ಹೊತ್ತಲ್ಲಿ ತುಂಬಿಸ್ಕೊಂಡು ಬನ್ನಿ. ಮೀನಿನ ಗಾಡಿಯವರ ಪರಿಚಯ ಇದ್ದು ವಾಪಸ್ ಬರೋವಾಗ ಹಾಕ್ಕೊಂಡು ಬರ್ತಾರೆ ಅಂದ್ರೆ ಬೇರೆ ಮಾತು. ನನ್ನ ಪ್ರಕಾರ ಮರೀನ್ ಸಾಲ್ಟ್ ಮಿಕ್ಸೇ ಕೊನೆಗೆ ಅಗ್ಗ. ಲೀಟರಿಗೆ ಸುಮಾರು 38 ಗ್ರಾಂ ಲೆಕ್ಕದಲ್ಲಿ ಮೊದಲ ಸಲಕ್ಕೆ 13 ಕಿಲೋ ಚಿಲ್ಲರೆ ಸಾಕು. ಅಡುಗೆ ಉಪ್ಪು, ಹರಳುಪ್ಪು ಇದಕ್ಕೆ ಆಗಲ್ಲ, ಅದ್ರಲ್ಲಿ ಕ್ಯಾಲ್ಸಿಯಂ ಮೆಗ್ನೀಶಿಯಂ ಇರೋದು ಲೆಕ್ಕಕ್ಕೆ ಬರದಷ್ಟು.

ಸಿಹಿನೀರಿಗೆ ಆರ್‌ಒ ಬೇಕು. ಅಡುಗೆಮನೆ ಆರ್‌ಒ ಇದ್ರೆ ಅದೇ ಸಾಕು, ಆದ್ರೆ ಕುಡಿಯೋಕೆ ಅಂತ ವಾಪಸ್ ಮಿನರಲ್ ಸೇರಿಸೋ ಕಾರ್ಟ್ರಿಜ್ ಇರತ್ತಲ್ಲ, ಅದಕ್ಕೆ ಮುಂಚೆ ಒಂದು T ಆಕಾರದ ಪೈಪ್ ಜಾಯಿಂಟ್ ಹಾಕಿಸಿ ಅಲ್ಲಿಂದ ತಗೊಂಡು, ಮುಂದೆ ಒಂದು ಡಿಐ ರೆಸಿನ್ (ಉಳಿದ ಲವಣ ಹೀರೋ ಹರಳು) ಕಾರ್ಟ್ರಿಜ್ ಜೋಡಿಸಿ. 200–300 ರೂಪಾಯಿ ಟಿಡಿಎಸ್ ಮೀಟರಲ್ಲಿ (ನೀರಲ್ಲಿ ಕರಗಿದ ಲವಣ ಅಳೆಯೋದು) ಸೊನ್ನೆ ತೋರಿಸ್ಬೇಕು. ನಮ್ಮ ನೀರು ಮೆದು ಆಗಿರೋದ್ರಿಂದ ರೆಸಿನ್ ಬಯಲುಸೀಮೆಯವರಿಗಿಂತ ಎಷ್ಟೋ ಜಾಸ್ತಿ ದಿನ ಬಾಳಿಕೆ ಬರತ್ತೆ. ಗಂಟೆಗೆ 10 ಲೀಟರ್ ಬಂದ್ರೂ ತುಂಬೋಕೆ 35 ಗಂಟೆ, ಆರಾಮಾಗಿ ಮೂರ್ನಾಲ್ಕು ದಿನದಲ್ಲಿ ಮಾಡಿ, ವೇಸ್ಟ್ ನೀರು ಹೂವಿನ ಗಿಡಕ್ಕೆ.

ಈಗ ಮೈಲುತುತ್ತ. ಕೊಳೆರೋಗಕ್ಕೆ ಅಂತ ತೋಟಕ್ಕೆ ಹೊಡೆಯೋ ಬೋರ್ಡೋ ದ್ರಾವಣ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಅಂದ್ರೆ ಲೀಟರಿಗೆ ಎರಡೂವರೆ ಗ್ರಾಂ ತಾಮ್ರ. ಮೀನಿನ ಬಿಳಿಚುಕ್ಕೆಗೆ ಔಷಧಿಯಾಗಿ ಕೊಡೋ ತಾಮ್ರ ಲೀಟರಿಗೆ 0.2 ಮಿಲಿಗ್ರಾಂ ಆಸುಪಾಸು, ಬಸವನಹುಳ ಸೀಗಡಿ ಹವಳ ಸಾಯೋಕೆ ಅಷ್ಟೇ ಸಾಕು. ಹಾಗಾಗಿ ಕೊಟ್ಟಿಗೇಲಿ ಬಿದ್ದಿರೋ ನೀಲಿ ಡ್ರಮ್ಮು, ಔಷಧಿ ಕಲಸಿದ ಬಕೆಟ್ಟು, ಸ್ಪ್ರೇ ಪಂಪಿನ ಪೈಪು ಎಷ್ಟೇ ತೊಳೆದಿದ್ರೂ ಉಪ್ಪು ಕಲಸೋಕೆ ಬಳಸ್ಬೇಡಿ. ಟಿಡಿಎಸ್ ಮೀಟರ್ ತಾಮ್ರ ಅಂತ ಬೇರೆ ಮಾಡಿ ಹೇಳಲ್ಲ. ತೋಟದೊಳಗಿನ ಬಾವಿ ನೀರನ್ನ ಔಷಧಿ ಹೊಡೆಯೋ ವಾರಗಳಲ್ಲಿ ತೆಗೀಬೇಡಿ, ಮೊದಲೇ ಸ್ಟಾಕ್ ಮಾಡ್ಕೊಳಿ. ಟ್ಯಾಂಕ್ ಮುಟ್ಟೋ ಮುಂಚೆ ಮೊಣಕೈ ತನಕ ಕೈ ತೊಳೀರಿ, ತೋಟದಿಂದ ಬಂದವ್ರಂತೂ ಮುಟ್ಟೋದೇ ಬೇಡ ಆ ದಿನ.

ಉಪ್ಪಿನ ಅಳತೆಗೆ ರಿಫ್ರಾಕ್ಟೋಮೀಟರ್ ತಗೊಳಿ, ತೇಲೋ ಪ್ಲಾಸ್ಟಿಕ್ ಮುಳ್ಳಿನದು ನಂಬೋಕಾಗಲ್ಲ. ಅದನ್ನ ಸರಿಮಾಡೋ ದ್ರಾವಣ ಮನೇಲೇ ಆಗತ್ತೆ: 36.5 ಗ್ರಾಂ ಶುದ್ಧ ಸೋಡಿಯಂ ಕ್ಲೋರೈಡು, 963.5 ಗ್ರಾಂ ಆರ್‌ಒ ನೀರು, ಇದು 35 ಪಿಪಿಟಿ (ಸಾವಿರ ಪಾಲಲ್ಲಿ 35 ಪಾಲು ಉಪ್ಪು) ಅಂತ ತೋರಿಸ್ಬೇಕು. ಟ್ಯಾಂಕೂ 35ರಲ್ಲೇ ಇರ್ಲಿ.

ಕಲ್ಲು ಮನೇಲೇ ಮಾಡೋದು

ಖರ್ಚಲ್ಲಿ ದೊಡ್ಡ ಉಳಿತಾಯ ಇಲ್ಲೇ. ಬೇಕಾಗೋದು 25–30 ಕಿಲೋ. ನಮ್ಮ ಜಂಬಿಟ್ಟಿಗೆ ಕಲ್ಲು ತೂತುತೂತಾಗಿ ಚಂದ ಕಾಣತ್ತೆ ಆದ್ರೆ ಪೂರ್ತಿ ಕಬ್ಬಿಣದಂಶ, ಬೇಡ. ಹೊಳೆಕಲ್ಲು ನಯ, ಬ್ಯಾಕ್ಟೀರಿಯಾ ಕೂರೋಕೆ ಜಾಗ ಇಲ್ಲ. ಅದರ ಬದಲು ಒಂದು ಪಾಲು ಬಿಳಿ ಸಿಮೆಂಟು, ಮೂರು ಪಾಲು ಚಿಪ್ಪಿನ ಚೂರು ಕಲಸಿ. ಕೋಳಿ ಫೀಡಿನ ಅಂಗಡೀಲಿ ಚಿಪ್ಪಿನ ಗ್ರಿಟ್ ಸಿಗತ್ತೆ, ಔಷಧಿ ಏನೂ ಸೇರಿಸದ ಬರೀ ಚಿಪ್ಪು ಅಂತ ಕೇಳಿ ತಗೊಳಿ. ಒಂದು ಮುಷ್ಟಿ ಹರಳುಪ್ಪು ಸೇರಿಸಿದ್ರೆ ಆಮೇಲೆ ಕರಗಿ ತೂತು ಬೀಳತ್ತೆ. ನೀರು ಕಡಿಮೆ ಹಾಕಿ, ಅವಲಕ್ಕಿ ಥರ ಉದುರುದುರಾಗಿ ಇರ್ಬೇಕು, ಒದ್ದೆ ಮರಳಿನ ಗುಂಡಿಯಲ್ಲಿ ಒತ್ತಿ ಬೇಕಾದ ಆಕಾರ ಮಾಡಿ, ಕಮಾನು, ಚಪ್ಪಟೆ ಹಲಗೆ, ಕಂಬ.

ಒಂದು ವಾರ ಒದ್ದೆ ಗೋಣಿ ಹೊದಿಸಿ ಇಟ್ಟು ಗಟ್ಟಿ ಆದ್ಮೇಲೆ ಕ್ಯೂರಿಂಗ್. ಹೊಸ ಸಿಮೆಂಟಿನ ನೀರಿನ ಪಿಎಚ್ 11–12 ಇರತ್ತೆ, ಅದು 8.3 ಹತ್ರ ಬಂದು ನಿಲ್ಲೋ ತನಕ ಒಂದೂವರೆ ಎರಡು ತಿಂಗಳು ನೀರು ಬದಲಿಸ್ತಾ ಇರ್ಬೇಕು. ಇಲ್ಲಿ ಮಲ್ನಾಡು ನಮ್ಮ ಕೈ ಹಿಡಿಯತ್ತೆ: ಮೇ ಕೊನೇಲಿ ಕಲ್ಲು ಮಾಡಿ ಅಂಗಳದಲ್ಲಿ ಅಡಿಕೆ ಮರದ ಹನಿ ಬೀಳದ ಕಡೆ ಇಟ್ಟುಬಿಡಿ, ಆಷಾಢ ಶ್ರಾವಣದ ಮಳೆ ಪುಕ್ಕಟೆ ತೊಳೆದು ಕೊಡತ್ತೆ. ಹಾವಸೆ ಕಟ್ಟಿದ್ರೆ ಬ್ರಷ್ ಹಾಕಿ ಉಜ್ಜಿ, ಬಿಸಿಲಲ್ಲಿ ಒಣಗಿಸಿ, ಕೊನೆಗೆ ಒಂದು ವಾರ ಬಕೆಟ್ ನೀರಲ್ಲಿ ಮುಳುಗಿಸಿ ಪಿಎಚ್ ನೋಡಿ.

ತಳಕ್ಕೆ ಅರಾಗೊನೈಟ್ (ಕ್ಯಾಲ್ಸಿಯಂ ಕಾರ್ಬೊನೇಟಿನ) ಮರಳು ತೆಳ್ಳಗೆ ಒಂದು ಪದರ ಸಾಕು, ದುಡ್ಡಿಲ್ಲಾಂದ್ರೆ ಬರೀ ಗಾಜೂ ಆಗತ್ತೆ.

ಕರೆಂಟು

ಟ್ಯಾಂಕಿನ ಲೈನಿಗೆ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟು ಸೋರಿದ್ರೆ ತಕ್ಷಣ ಲೈನ್ ಕತ್ತರಿಸೋ ಸ್ವಿಚ್) ಹಾಕಿಸದೆ ಕೈ ಅದ್ದಬೇಡಿ, ಅರ್ಥಿಂಗ್ ಇದೆಯಾ ನೋಡಿಸಿ. ಪ್ರತಿ ವೈರೂ ಪ್ಲಗ್ಗಿಗಿಂತ ಕೆಳಗೆ ಜೋತು ಬಿದ್ದು ಆಮೇಲೆ ಮೇಲೆ ಹೋಗ್ಬೇಕು, ಹನಿ ಅಲ್ಲೇ ಉದುರ್ಲಿ. ಯುಗಾದಿ ಆದ್ಮೇಲೆ ಬರೋ ಸಿಡಿಲು ಮಳೆಗೆ ಲೈಟು ಹೀಟರು ಪ್ಲಗ್ ಕಿತ್ತಿಡಿ.

ಮರ ಬಿದ್ದು ಲೈನ್ ಹೋದ್ರೆ ಹಳ್ಳಿ ಕಡೆ ಎರಡು ದಿನ ಬರ್ದೇ ಇರೋದೂ ಉಂಟು. ಮೀನು ಸಾಯೋದು ಲೈಟಿಲ್ದೆ ಅಲ್ಲ, ನೀರು ಅಲ್ಲಾಡದೆ ಆಮ್ಲಜನಕ ಖಾಲಿ ಆಗಿ. ಮನೆಯ 150 ಎಎಚ್ ಇನ್ವರ್ಟರಲ್ಲಿ ಸುಮಾರು 1000 ವ್ಯಾಟ್ ಅವರ್ ಬಳಸ್ಬಹುದು ಅಂತ ಇಟ್ಕೊಳಿ, 10 ವ್ಯಾಟಿನ ಒಂದು ವೇವ್‌ಮೇಕರ್ ಮಾತ್ರ ಅದಕ್ಕೆ ಕೊಟ್ರೆ ಲೆಕ್ಕದಲ್ಲಿ 100 ಗಂಟೆ, ಇನ್ವರ್ಟರ್ ತಾನೇ ತಿನ್ನೋದು, ಮನೆ ಲೈಟು ಎಲ್ಲ ಕಳೆದ್ರೂ ಒಂದು ದಿನಕ್ಕೆ ಮೋಸ ಇಲ್ಲ. ಹೀಟರ್ ಸೇರಿಸಿದ್ರೆ ಮೂರ್ನಾಲ್ಕು ಗಂಟೇಲಿ ಬ್ಯಾಟರಿ ಮಟಾಷ್. ಇನ್ವರ್ಟರ್ ಇಲ್ದವರು ಬ್ಯಾಟರಿ ಏರ್ ಪಂಪ್ ಎರಡು ಇಟ್ಕೊಳಿ.

ಬಿಲ್ಲು: 120 ವ್ಯಾಟಿನ ಎಲ್‌ಇಡಿ 8 ಗಂಟೆ, ಪಂಪು 30, ವೇವ್‌ಮೇಕರ್ 20, ಎಲ್ಲ ಸೇರಿ ದಿನಕ್ಕೆ ಎರಡೂಕಾಲು ಯೂನಿಟ್, ತಿಂಗಳಿಗೆ 70. ಚಳಿಗಾಲದಲ್ಲಿ ಹೀಟರಿಂದ ಇದು ಡಬಲ್ಲೂ ಆಗ್ಬಹುದು. ಗೃಹಜ್ಯೋತಿ ಇದೆಯಲ್ಲ ಅಂತ ಕೂರಬೇಡಿ, ಅಲ್ಲಿ ನಿಮಗೆ ಸಿಗೋದು ಹಿಂದಿನ ಸರಾಸರಿ ಪ್ಲಸ್ 10 ಪರ್ಸೆಂಟು (ಸರಾಸರಿ 48 ಯೂನಿಟ್ ಒಳಗಿದ್ರೆ ಪ್ಲಸ್ 10 ಯೂನಿಟ್), ಮೇಲಿಂದ್ದಕ್ಕೆ ದುಡ್ಡು, 200 ದಾಟಿದ್ರೆ ಪೂರ್ತಿ ಬಿಲ್ಲು. ಮನೇಲಿ ಹೇಳಿ ಒಪ್ಪಿಸೋಕೆ ಮುಂಚೆ ಈ ಲೆಕ್ಕ ನಿಮ್ಮ ಹತ್ರ ಇರ್ಲಿ.

ಉಷ್ಣಾಂಶ 25–26. 300 ವ್ಯಾಟಿನ ಒಂದು ಹೀಟರ್ ಬದಲು 150ರದ್ದು ಎರಡು, ಒಂದು ಕೆಟ್ಟು ಆನಲ್ಲೇ ನಿಂತ್ರೂ ನೀರು ಬೇಯಲ್ಲ. ಶಿವಮೊಗ್ಗ ಭದ್ರಾವತಿಯವರು ಏಪ್ರಿಲಲ್ಲಿ ನೀರಿನ ಮೇಲೆ ಸಣ್ಣ ಫ್ಯಾನ್ ಹಾಕಿ, ಆವಿ ಆಗಿ 2–3 ಡಿಗ್ರಿ ಇಳಿಯತ್ತೆ. ಆವಿ ಆಗೋದು ನೀರು ಮಾತ್ರ, ಉಪ್ಪು ಒಳಗೇ ಉಳಿಯೋದ್ರಿಂದ ದಿನಾ ಸಿಹಿನೀರೇ ತುಂಬಿಸ್ಬೇಕು.

ಸೈಕಲ್, ಆಮೇಲೆ ಮೀನು

ಎಲ್ಲ ಓಡ್ತಿದೆ, ಇನ್ನು ಕಾಯೋದು. ಮೀನಿನ ಹೊಲಸಿಂದ ಬರೋ ವಿಷ ಅಮೋನಿಯಾ ತಿನ್ನೋ ಬ್ಯಾಕ್ಟೀರಿಯಾನ ಮೊದಲೇ ಬೆಳೆಸೋದಕ್ಕೆ ಸೈಕಲ್ ಅಂತಾರೆ. ಬ್ಯಾಕ್ಟೀರಿಯಾಗೆ ಊಟವಾಗಿ ಅಮೋನಿಯಂ ಕ್ಲೋರೈಡ್ ಹಾಕಿ. ಪಾತ್ರೆ ಕಲಾಯಿಯವರು ಬಳಸೋ ನವಸಾಗರ ಅಂದ್ರೆ ಅದೇ, ಆದ್ರೆ ಲ್ಯಾಬ್ ಕೆಮಿಕಲ್ ಅಂಗಡಿಯ ಶುದ್ಧದ್ದೇ ತಗೊಳಿ. 350 ಲೀಟರಿಗೆ 2.2 ಗ್ರಾಂ ಹಾಕಿದ್ರೆ ಅಮೋನಿಯಾ 2 ಪಿಪಿಎಂ (ಲೀಟರಿಗೆ 2 ಮಿಲಿಗ್ರಾಂ) ಆಗತ್ತೆ. ಲೈಟ್ ಆಫ್. ಹಾಕಿದ 24 ಗಂಟೇಲಿ ಅಮೋನಿಯಾ, ನೈಟ್ರೈಟು ಎರಡೂ ಸೊನ್ನೆ ಆಗೋ ಹಂತ ಬರೋಕೆ ನಾಲ್ಕರಿಂದ ಆರು ವಾರ, ಬಾಟಲಿ ಬ್ಯಾಕ್ಟೀರಿಯಾ ಹಾಕಿದ್ರೆ ಬೇಗ. ಆಮೇಲೆ ಲೈಟು ದಿನಕ್ಕೆ 6 ಗಂಟೆಯಿಂದ ಶುರು. ಕಂದು ಪುಡಿ ಥರ, ಆಮೇಲೆ ಹಸಿರು ಕೂದಲು ಥರ ಪಾಚಿ ಬರತ್ತೆ, ಬರ್ಲಿ, ಆಗ ಬಸವನಹುಳ ಬಿಡೋ ಟೈಮು.

ಮೀನು ಬರೋದಕ್ಕೆ ಮುಂಚೆ 2 ಅಡಿಯ ಒಂದು ಕ್ವಾರಂಟೈನ್ ಟ್ಯಾಂಕ್ ರೆಡಿ ಇರ್ಲಿ, ಬಿಳಿಚುಕ್ಕೆ ಬಂದ್ರೆ ತಾಮ್ರದ ಚಿಕಿತ್ಸೆ ಅಲ್ಲೇ. ಮೇನ್ ಟ್ಯಾಂಕಿಗೆ ರೋಗ ಹೋದ್ರೆ ಎರಡೂವರೆ ತಿಂಗಳು ಮೀನಿಲ್ದೆ ಖಾಲಿ ಬಿಡ್ಬೇಕಾಗತ್ತೆ. ಮೊದಲ ಜೋಡಿ ಕ್ಲೌನ್ ಮೀನೇ ಇರ್ಲಿ, ಹ್ಯಾಚರೀಲಿ ಹುಟ್ಟಿದ್ದು ಅಂತ ಕೇಳಿ ತಗೊಳಿ, ನಮ್ಮ ದೇಶದ ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರೇ ಅದರ ಮರಿ ಮಾಡಿಸೋ ವಿಧಾನ ಅಭಿವೃದ್ಧಿ ಮಾಡಿದಾರೆ. ಆಮೇಲೆ ಒಂದು ಬ್ಲೆನ್ನಿ, ಒಂದು ಗೋಬಿ. ಡ್ಯಾಮ್ಸೆಲ್ ಅಗ್ಗ ಅಂತ ಬಿಟ್ರೆ ಇಡೀ ಟ್ಯಾಂಕ್ ತನ್ನದು ಅನ್ನತ್ತೆ. ಬ್ಲೂ ಟ್ಯಾಂಗಿಗೆ ಈ ಟ್ಯಾಂಕ್ ಸಣ್ಣದು, ಮ್ಯಾಂಡರಿನ್ ಹೊಸ ಟ್ಯಾಂಕಲ್ಲಿ ಹಸಿದು ಸಾಯತ್ತೆ. ಒಟ್ಟು ಐದಾರು ಮೀನು, ಒಂದೊಂದರ ನಡುವೆ ಎರಡ್ಮೂರು ವಾರ.

ಹವಳದಲ್ಲಿ ಮಶ್ರೂಮು ಮೊದಲು. ಕ್ಸೀನಿಯಾ, ಗ್ರೀನ್ ಸ್ಟಾರ್ ಪಾಲಿಪ್ ಇವನ್ನ ಬೇರೆ ಕಲ್ಲಿನ ದ್ವೀಪದ ಮೇಲೆ ಇಡಿ, ಇಲ್ದಿದ್ರೆ ಲಂಟಾನ ಹಬ್ಬಿದ ಹಂಗೆ ಎಲ್ಲಾ ಕಡೆ. ಜೋವಾಂತಿಡ್ ಮುಟ್ಟೋವಾಗ ಗ್ಲೌಸು ಕನ್ನಡಕ ಹಾಕಿ, ಅವುಗಳ ಕೆಲವು ಜಾತೀಲಿ ಪಾಲಿಟಾಕ್ಸಿನ್ ಅನ್ನೋ ಭಯಂಕರ ವಿಷ ಇದೆ. ಅವು ಇರೋ ಕಲ್ಲನ್ನ ಯಾವ ಕಾರಣಕ್ಕೂ ಬಿಸಿನೀರಲ್ಲಿ ಕುದಿಸ್ಬೇಡಿ, ಆವಿ ಉಸಿರಾಡಿ ಆಸ್ಪತ್ರೆ ಸೇರಿದೋರಿದಾರೆ.

ತಿಂಗಳ ಕೆಲಸ

ಎರಡು ವಾರಕ್ಕೊಮ್ಮೆ 40 ಲೀಟರ್ ಬದಲಿಸಿ, ತಿಂಗಳಿಗೆ ಉಪ್ಪು 3 ಕಿಲೋ. ಆಲ್ಕಲಿನಿಟಿ (ಪಿಎಚ್ ಏರುಪೇರಾಗದಂತೆ ತಡೆಯೋ ನೀರಿನ ಶಕ್ತಿ, ಅಳತೆ ಡಿಕೆಎಚ್) 8–9 ಡಿಕೆಎಚ್ ಇರ್ಲಿ, ಇಳಿದ್ರೆ ಅಡುಗೆ ಸೋಡಾ, 1 ಡಿಕೆಎಚ್ ಏರಿಸೋಕೆ ಹತ್ತೂವರೆ ಗ್ರಾಂ, ಆರ್‌ಒ ನೀರಲ್ಲಿ ಕರಗಿಸಿ ನಿಧಾನ ಹಾಕಿ. ಬೇಕಿಂಗ್ ಪೌಡರ್ ಅಲ್ಲ. ಎಲೆಅಡಿಕೆ ಸುಣ್ಣ ಕಲಸಿ ಹಾಕ್ಬಹುದಾ ಅಂತ ಕೇಳೋರಿದಾರೆ, ಬಣ್ಣ ಪರಿಮಳ ಸೇರಿಸಿದ ಡಬ್ಬಿ ಸುಣ್ಣ ಖಂಡಿತ ಬೇಡ, ಬೇಕೇ ಆದ್ರೆ ಶುದ್ಧ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ತರಿಸಿ. ಮೆದು ಹವಳಕ್ಕೆ ಅದೂ ಬೇಕಾಗಲ್ಲ.

ಮಳೆಗಾಲದಲ್ಲಿ ಬಾಗಿಲು ಕಿಟಕಿ ಮುಚ್ಚಿ ಒಲೆ ಉರಿಸೋ ಮನೇಲಿ ಗಾಳಿಯ ಇಂಗಾಲದ ಡೈಆಕ್ಸೈಡ್ ಏರಿ ಪಿಎಚ್ 7.8ಕ್ಕೆ ಬರತ್ತೆ, ಅದಕ್ಕೆ ಕೆಮಿಕಲ್ ಸುರೀಬೇಡಿ, ಸಂಪಿನ ಏರ್ ಪಂಪಿನ ಗಾಳಿ ಎಳೆಯೋ ಕಡೆಗೆ ಒಂದು ಟ್ಯೂಬ್ ಸಿಗಿಸಿ ಕಿಟಕಿ ಹೊರಗೆ ಬಿಡಿ. ಸೊಳ್ಳೆ ಜಿರಳೆ ಸ್ಪ್ರೇ ಆ ರೂಮಲ್ಲಿ ನಿಷೇಧ, ಸೀಗಡಿ ಏಡಿ ಎಲ್ಲ ಹೋಗತ್ತೆ.

ಊರ ಜಾತ್ರೆಗೋ ಮದುವೆಗೋ ನಾಲ್ಕು ದಿನ ಹೋಗೋದಿದ್ರೆ ಪಕ್ಕದ ಮನೆಯವರಿಗೆ ಊಟ ಹಾಕೋಕೆ ಹೇಳ್ಬೇಡಿ, ಪ್ರೀತಿಯಿಂದ ಡಬ್ಬ ಖಾಲಿ ಮಾಡ್ತಾರೆ, ಗಟ್ಟಿ ಮೀನುಗಳು ನಾಲ್ಕು ದಿನ ಉಪವಾಸ ಇರತ್ವೆ. ಸಂಪಿನ ಗಾಜಿಗೆ ಒಂದು ಗೆರೆ ಹಾಕಿ, ನೀರು ಅದರ ಕೆಳಗೆ ಬಂದ್ರೆ ಈ ಕ್ಯಾನಿನ ಸಿಹಿನೀರನ್ನ ಗೆರೆ ತನಕ ತುಂಬಿ, ಬೇರೆ ಏನೂ ಮುಟ್ಬೇಡಿ, ಕರೆಂಟು ಅರ್ಧ ದಿನಕ್ಕಿಂತ ಜಾಸ್ತಿ ಹೋದ್ರೆ ಫೋನ್ ಮಾಡಿ ಅಂತ ಚೀಟಿ ಬರೆದು ಅಂಟಿಸಿ ಹೋಗಿ.